ಐಸಿನ ಅಡಿಯ ಪೈಕ್ ಮೀನನ್ನು ಡಿಕಾಯ್ ಹಾಕಿ ಕರೆಯುವುದು ಹೇಗೆ?

ಹೊರಗೆ ಮೈನಸ್ 20 ಡಿಗ್ರಿ ಚಳಿ. ಒಳಗೆ ನಮ್ಮ ಕೈ ನಮಗೇ ಕಾಣದಷ್ಟು ಕತ್ತಲೆ. ಕಾಲ ಬುಡದಲ್ಲಿ ಮಾತ್ರ ಒಂದು ಚೌಕ ಕಿಂಡಿ, ಅದರ ತುಂಬ ತಿಳಿ ಹಸಿರು ಬೆಳಕು. ಎಂಟು ಅಡಿ ಕೆಳಗಿನ ಮರಳು, ಒಡೆದ ಕಪ್ಪೆಚಿಪ್ಪು, ಬಾಗಿದ ಪಾಚಿ ಗಿಡ, ಎಲ್ಲ ಕಾಣುತ್ತದೆ. ನಡುವೆ ಕೆಂಪು ತಲೆ, ಬಿಳಿ ಮೈಯ ಒಂದು ಮರದ ಮೀನು ಸುತ್ತು ಹಾಕುತ್ತಿದೆ. ಅದರ ದಾರ ನನ್ನ ಎಡಗೈ ಬೆರಳಿನಲ್ಲಿದೆ. ಅಷ್ಟರಲ್ಲಿ ಕಿಂಡಿಯ ಒಂದು ಮೂಲೆಯಿಂದ ಬಾತುಕೋಳಿ ಕೊಕ್ಕಿನಂಥ ಮೂತಿಯೊಂದು ಸದ್ದಿಲ್ಲದೆ ಒಳಗೆ ಬರುತ್ತದೆ. ಮೂತಿ ಮಾತ್ರ. ಮೈ ಇನ್ನೂ ಐಸಿನ ನೆರಳಲ್ಲೇ ಇದೆ.

ಈಗ ಏನು ಮಾಡಬೇಕು? ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ.

ನಾನಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ ಇಲ್ಲಿ 11,842 ಇವೆ. ಡಿಸೆಂಬರ್ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ಹೆಪ್ಪುಗಟ್ಟುತ್ತವೆ. ಐಸಿಗೆ ಸಣ್ಣ ತೂತು ಕೊರೆದು ಗಾಳ ಬಿಡುವವರು ಲಕ್ಷಗಟ್ಟಲೆ ಇದ್ದಾರೆ. ಇನ್ನೊಂದು ಹಳೆಯ ವಿದ್ಯೆ ಇದೆ. ಐಸಿನಲ್ಲಿ ದೊಡ್ಡ ಕಿಂಡಿ ಕೊಯ್ದು, ಮೇಲೆ ಬೆಳಕು ನುಗ್ಗದ ಗುಡಿಸಲು ಇಟ್ಟು, ಆಟಿಕೆಯಂಥ ಮೀನು ಆಡಿಸಿ ಪೈಕ್ ಎಂಬ ಉದ್ದ ಮೈಯ ಬೇಟೆಗಾರ ಮೀನನ್ನು ಹತ್ತಿರ ಕರೆದು ಈಟಿಯಿಂದ ಹೊಡೆಯುವುದು. ಗುಡಿಸಲಿಗೆ ಇಲ್ಲಿಯವರು ಡಾರ್ಕ್‌ಹೌಸ್ ಎನ್ನುತ್ತಾರೆ. ನಾನು ಕತ್ತಲೆಮನೆ ಅಂತ ಕರೆಯುತ್ತೇನೆ. ಆಟಿಕೆ ಮೀನಿನ ಹೆಸರು ಡಿಕಾಯ್. ಬಿಳಿಯರು ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿಯ ಒಜಿಬ್ವೆ ಜನ ಐಸಿನ ಮೇಲೆ ಬೋರಲು ಮಲಗಿ, ತಲೆಗೆ ಕಂಬಳಿ ಮುಸುಕು ಹಾಕಿಕೊಂಡು, ಹೀಗೇ ಮೀನು ಹೊಡೆಯುತ್ತಿದ್ದರು.

ನಮಗೂ ಈ ಉಪಾಯ ತೀರಾ ಹೊಸದೇನಲ್ಲ. ನಮ್ಮ ಹಳೆಯ ಕಾವ್ಯಗಳ ಬೇಟೆಯ ಭಾಗಗಳಲ್ಲಿ ‘ದೀಹ’ ಎನ್ನುವ ಮಾತು ಬರುತ್ತದೆ. ಕಾಡಿನ ಜಿಂಕೆಯನ್ನು ಹತ್ತಿರ ಸೆಳೆಯಲು ಒಯ್ಯುತ್ತಿದ್ದ ಪಳಗಿದ ಜಿಂಕೆ ದೀಹದ ಮೃಗ. ಡಿಕಾಯ್ ಅಂದರೆ ದೀಹದ ಮೀನು, ಅಷ್ಟೇ.

ಕಲಿಯುವ ಮೊದಲೇ ಒಂದು ವಿಷಯ ಮನಸ್ಸಿಗೆ ಹೋಗಬೇಕು. ಗಾಳಕ್ಕೆ ಸಿಕ್ಕ ಮೀನು ಬೇಡವಾದರೆ ಬಿಡಬಹುದು. ಈಟಿ ತಗುಲಿದ ಮೀನನ್ನು ಬಿಡುವ ಮಾತೇ ಇಲ್ಲ. ಯಾವ ಜಾತಿ, ಎಷ್ಟುದ್ದ, ಹೊಡೆಯಬೇಕೋ ಬೇಡವೋ, ಇದೆಲ್ಲ ಈಟಿ ಕೈ ಬಿಡುವ ಮೊದಲೇ ತೀರ್ಮಾನ ಆಗಬೇಕು. ಆ ತೀರ್ಮಾನಕ್ಕೆ ಬೇಕಾದ ಸಮಯ ಕೊಡುವುದು ಡಿಕಾಯ್. ಮೀನನ್ನು ಬರಿಸುವುದು ಅದರ ಅರ್ಧ ಕೆಲಸ. ಬಂದ ಮೀನನ್ನು ನಿಲ್ಲಿಸಿ, ತಿರುಗಿಸಿ, ಮೇಲಕ್ಕೆ ತಂದು ನಮಗೆ ತೋರಿಸುವುದು ಇನ್ನರ್ಧ. ಬಹಳ ಜನ ಮೊದಲ ಅರ್ಧ ಮಾತ್ರ ಕಲಿಯುತ್ತಾರೆ.

ಹೊರಡುವ ಮೊದಲು

ಮಿನ್ನೆಸೋಟಾದಲ್ಲಿ ಈಟಿ ಮೀನುಗಾರಿಕೆಯ ಕಾಲ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯ ಭಾನುವಾರದವರೆಗೆ, ಅದೂ ಹಗಲು ಹೊತ್ತಿನಲ್ಲಿ ಮಾತ್ರ. ಲೈಸೆನ್ಸ್ ಬೇಕು. ಕೆಲವು ಕೆರೆಗಳಲ್ಲಿ ಈಟಿಯನ್ನೇ ನಿಷೇಧಿಸಿದ್ದಾರೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಪ್ರತಿ ವರ್ಷ ನಿಯಮಗಳ ಪುಸ್ತಕ ತರುತ್ತದೆ, ಪುಕ್ಕಟೆ ಸಿಗುತ್ತದೆ. ಆ ವರ್ಷದ್ದನ್ನೇ ಓದಿ. 2018ರಿಂದ ಪೈಕ್ ಮೀನಿಗೆ ರಾಜ್ಯವನ್ನು ಮೂರು ವಲಯ ಮಾಡಿದ್ದಾರೆ, ಒಂದೊಂದು ವಲಯಕ್ಕೂ ಬೇರೆ ಬೇರೆ ಅಳತೆ. ದಕ್ಷಿಣ ವಲಯದಲ್ಲಿ ಮೀನು ಕನಿಷ್ಠ 24 ಇಂಚು ಇರಬೇಕು. ನಾನು ಹೋಗುವ ಬ್ರೈನರ್ಡ್ ಕಡೆಯ ಉತ್ತರ-ಮಧ್ಯ ವಲಯದ ಕಥೆ ತದ್ವಿರುದ್ಧ. ಅಲ್ಲಿ ಸಣ್ಣ ಪೈಕ್ ಮಿತಿಮೀರಿ ಹೆಚ್ಚಿ ಪರ್ಚ್‌ನಂಥ ಮೀನುಗಳನ್ನು ತಿಂದು ಮುಗಿಸುತ್ತಿವೆ. ಹಾಗಾಗಿ ಚಿಕ್ಕವನ್ನು ಜಾಸ್ತಿ ಹಿಡಿಯಬಹುದು. 22ರಿಂದ 26 ಇಂಚಿನವನ್ನು ಗಾಳದವರು ವಾಪಸ್ ಬಿಡಲೇಬೇಕು. ಈಟಿಯವರಿಗೆ ಒಂಚೂರು ಸಡಿಲಿಕೆ ಇದ್ದರೂ ಎಣಿಕೆ ಬಹಳ ಬಿಗಿ. ನೀರಿನೊಳಗೇ ಇಂಚು ಅಳೆಯುವ ವಿದ್ಯೆ ಯಾಕೆ ಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ, ಅಲ್ವಾ?

ಇನ್ನು ಐಸಿನ ಮಾತು. ನಡೆದು ಹೋಗಲು ಗಟ್ಟಿಯಾದ, ಗಾಜಿನಂತೆ ತಿಳಿಯಾದ ಹೊಸ ಐಸ್ ಕನಿಷ್ಠ 4 ಇಂಚು ದಪ್ಪ ಇರಬೇಕು. ಹಿಮದ ಮೇಲೆ ಓಡುವ ಬೈಕಿನಂಥ ಸ್ನೋಮೊಬೈಲ್‌ಗೆ 5ರಿಂದ 7 ಇಂಚು. ಬೆಳ್ಳಗೆ, ಹಿಮ ಬೆರೆತು ಗಟ್ಟಿಯಾದ ಐಸ್ ಆದರೆ ಈ ಅಳತೆಯ ಎರಡರಷ್ಟು ಬೇಕು. ತೊರೆ ಬಂದು ಸೇರುವ ಬಾಯಿ, ನೀರಿನ ಸೆಲೆ ಇರುವ ಕಡೆ, ಎರಡು ಕೆರೆಗಳ ನಡುವಿನ ಇಕ್ಕಟ್ಟು, ಇವುಗಳ ಹತ್ತಿರ ಹೋಗಲೇಬೇಡಿ. ಕೈಯಲ್ಲಿ ಉದ್ದದ ಕಬ್ಬಿಣದ ಉಳಿ ಹಿಡಿದು, ಕೆಲವು ಹೆಜ್ಜೆಗೊಮ್ಮೆ ಐಸನ್ನು ಕುಟ್ಟಿ ನೋಡುತ್ತಾ ನಡೆಯಿರಿ. ಕುತ್ತಿಗೆಗೆ ಐಸ್ ಪಿಕ್, ಅಂದರೆ ಚೂಪು ಮೊಳೆಯ ಹಿಡಿ, ನೇತು ಹಾಕಿಕೊಂಡಿರಿ. ನೀರಿಗೆ ಬಿದ್ದರೆ ಐಸಿನ ಅಂಚಿಗೆ ಚುಚ್ಚಿ ಮೈ ಮೇಲೆಳೆದುಕೊಳ್ಳಲು ಅದೇ ಆಧಾರ. ಮೊದಲ ವರ್ಷ ಒಬ್ಬರೇ ಹೋಗಬೇಡಿ. ನನ್ನನ್ನು ಕರೆದೊಯ್ದವರು ಪಕ್ಕದ ಮನೆಯ ಹಿರಿಯರು. ನಮ್ಮ ಮಕ್ಕಳು ಅವರನ್ನು ಅಜ್ಜ ಅಂತಲೇ ಕರೆಯುತ್ತಾರೆ, ಅದಕ್ಕೆ ನಾನೂ ಇಲ್ಲಿ ಅಜ್ಜ ಎಂದೇ ಬರೆಯುತ್ತೇನೆ.

ಜಾಗ, ಕಿಂಡಿ, ಕತ್ತಲೆ

ಪೈಕ್ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವ ಮೀನಲ್ಲ. ಹೊಂಚು ಹಾಕುತ್ತದೆ. ಪಾಚಿ ಗಿಡಗಳ ಮರೆಯಲ್ಲಿ ಕಟ್ಟಿಗೆ ತುಂಡಿನಂತೆ ನಿಂತಿದ್ದು, ಬಾಣದ ಹಾಗೆ ನುಗ್ಗುತ್ತದೆ. ಆದ್ದರಿಂದ ಗಿಡಗಳ ದಟ್ಟಣೆ ಮುಗಿದು ಬಯಲು ಶುರುವಾಗುವ ಅಂಚನ್ನು ಹುಡುಕಿ. ಆಳ 5ರಿಂದ 12 ಅಡಿ ಸಾಕು. ಅದಕ್ಕಿಂತ ಆಳವಾದರೆ ಕಾಣುವುದೂ ಕಷ್ಟ, ಈಟಿಯ ಗುರಿಯೂ ತಪ್ಪುತ್ತದೆ. ಐಸ್ ಕಟ್ಟಿದ ಮೊದಲ ವಾರಗಳಲ್ಲಿ ಗಿಡ ಇನ್ನೂ ಹಸಿರಾಗಿರುತ್ತದೆ, ಪೈಕ್ ಕಡಿಮೆ ನೀರಿನಲ್ಲೇ ಸಿಗುತ್ತದೆ. ನನಗೆ ಇಷ್ಟವಾದ ಕಾಲ ಅದು. ಜನವರಿಯಲ್ಲಿ ಗಿಡ ಕೊಳೆತ ಮೇಲೆ ಸ್ವಲ್ಪ ಆಳದ ಇಳಿಜಾರಿಗೆ ಸರಿಯಬೇಕು.

ಕಿಂಡಿ ಸುಮಾರು ಎರಡು ಅಡಿ ಅಗಲ, ಮೂರು ಅಡಿ ಉದ್ದ ಇರಲಿ. ಡ್ರಿಲ್ಲಿನಿಂದ ನಾಲ್ಕು ಮೂಲೆ ಕೊರೆದು, ಐಸ್ ಗರಗಸದಿಂದ ಕೊಯ್ಯುವುದು ಸಲೀಸು. ಕೊಯ್ಯುವಾಗ ಗರಗಸವನ್ನು ಓರೆ ಹಿಡಿದು, ಕಿಂಡಿ ಮೇಲಿಗಿಂತ ಕೆಳಗೆ ಅಗಲವಾಗುವಂತೆ ಮಾಡಿ. ನೋಟದ ಹರವು ಜಾಸ್ತಿಯಾಗುತ್ತದೆ, ಮೀನು ಎತ್ತುವಾಗ ಅಂಚಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಹೀಗೆ ಕೊಯ್ದ ಗಡ್ಡೆ ಇಡಿಯಾಗಿ ಮೇಲೆ ಬರುವುದಿಲ್ಲ. ಎರಡು ಮೂರು ತುಂಡು ಮಾಡಿ ಇಕ್ಕಳದಿಂದ ಎತ್ತಬೇಕು, ಇಲ್ಲವೇ ಒತ್ತಿ ಐಸಿನ ಅಡಿಗೆ ತಳ್ಳಿಬಿಡಬೇಕು. ಚೈನ್‌ಸಾ ಬಳಸುವುದಾದರೆ ಅದರ ಸರಪಳಿಗೆ ಅಡುಗೆ ಎಣ್ಣೆ ಹಾಕಿ. ಮೆಷಿನ್ ಎಣ್ಣೆ ಕೆರೆಗೆ ಸೇರಬಾರದು.

ಗುಡಿಸಲು ಇಟ್ಟ ಮೇಲೆ ಬುಡದ ಸುತ್ತ ಹಿಮ ಒತ್ತಿ. ಒಂದು ಸಣ್ಣ ಬಿರುಕಿನಿಂದ ಬೆಳಕು ಬಂದರೂ ನೀರಿನ ಮೇಲೆ ಹೊಳಪು ಕೂತು ಒಳಗೆ ಏನೂ ಕಾಣದು. ಬಾಗಿಲು ಹಾಕಿ, ಐದು ನಿಮಿಷ ಸುಮ್ನೆ ಕೂತಿರಿ. ಐಸಿನ ಮೂಲಕ ಇಳಿದ ಹಗಲು ಬೆಳಕು ನೀರನ್ನು ಕೆಳಗಿನಿಂದ ಬೆಳಗಿಸುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಒಳಗಿನ ನಾವು ಮೀನಿಗೆ ಕಾಣುವುದಿಲ್ಲ, ಆದರೆ ಸದ್ದು ಚೆನ್ನಾಗಿ ಗೊತ್ತಾಗುತ್ತದೆ. ಮಾತಾಡಿದರೆ ತೊಂದರೆಯಿಲ್ಲ. ಬೂಟು ಕುಟ್ಟುವುದು, ಬಕೆಟ್ ಎಳೆಯುವುದು ಬೇಡ. ಒಂದು ಹಳೇ ಕಾರ್ಪೆಟ್ ತುಂಡು ಹಾಸಿದರೆ ಒಳ್ಳೆಯದು.

ಒಳಗೆ ಗ್ಯಾಸ್ ಹೀಟರ್ ಹಚ್ಚುತ್ತೀರಿ. ಗಾಳಿ ಆಡಲು ಕೆಳಗೊಂದು, ಮೇಲೊಂದು ಕಂಡಿ ಇರಲೇಬೇಕು, ಬೆಳಕು ಬಾರದ ಹಾಗೆ ಬಾಗಿದ ಪೈಪ್ ಹಾಕಿದರೆ ಆಯಿತು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಬ್ಯಾಟರಿ ಅಲಾರಂ ಒಂದು ತಗೊಳ್ಳಿ.

ಅಡಿ ಕಪ್ಪು ಕೆಸರಾಗಿದ್ದರೆ ಪೈಕಿನ ಬೆನ್ನು ಅದರಲ್ಲಿ ಕರಗಿಹೋಗುತ್ತದೆ. ಹಿಂದಿನವರು ಮೊಟ್ಟೆಚಿಪ್ಪು ಚೆಲ್ಲುತ್ತಿದ್ದರು, ಆಲೂಗಡ್ಡೆ ಬಿಲ್ಲೆ ಹಾಕುತ್ತಿದ್ದರು. ನಾನು ನಾಲ್ಕು ಬಿಳಿ ಪಿವಿಸಿ ಪೈಪಿನ ತುಂಡುಗಳಲ್ಲಿ ಮರಳು ತುಂಬಿ, ದಾರ ಕಟ್ಟಿ ಇಳಿಸುತ್ತೇನೆ. ಸಂಜೆ ಎಳೆದುಕೊಂಡರೆ ಕೆರೆಯಲ್ಲಿ ನಮ್ಮದೇನೂ ಉಳಿಯುವುದಿಲ್ಲ. ಆ ಬಿಳಿ ಗೆರೆಯ ಮೇಲೆ ಮೀನು ದಾಟಿದರೆ ಥಟ್ಟನೆ ಗೊತ್ತಾಗುತ್ತದೆ.

ಒಳ್ಳೆಯ ಡಿಕಾಯ್ ಹೇಗಿರಬೇಕು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಂಗಡಿಯಲ್ಲಿ ಚೆಂದ ಕಾಣುವ ಡಿಕಾಯ್ ನೀರಲ್ಲಿ ಕಲ್ಲಿನಂತೆ ನೇತಾಡಬಹುದು. ಅಜ್ಜನ ಹತ್ತಿರ ಇರುವ, ಬಣ್ಣ ಕಿತ್ತುಹೋದ ಒಂದು ಡಿಕಾಯ್ ದಾರ ಎಳೆದರೆ ಸಾಕು, ಜೀವ ಬಂದ ಹಾಗೆ ಸುತ್ತುತ್ತದೆ. ಮೀನು ನೋಡುವುದು ಆ ಸುತ್ತನ್ನು.

ಪೈಕಿಗೆ 7ರಿಂದ 9 ಇಂಚಿನದು ಸರಿ. ಮೈ ಬಾಸ್‌ವುಡ್ ಅಥವಾ ಸೀಡರ್ ಮರದ್ದು, ಎರಡೂ ಮೆತ್ತಗಿನ ಮರ, ಕೆತ್ತುವುದು ಸುಲಭ. ಹೊಟ್ಟೆಯಲ್ಲಿ ತೋಡಿದ ಗುಳಿಗೆ ಕರಗಿಸಿದ ಸೀಸ ಹುಯ್ದು ಭಾರ ಕೊಡುತ್ತಾರೆ. ರೆಕ್ಕೆಗಳು ತಗಡಿನವು. ಬಾಲ ಒಂದು ಪಕ್ಕಕ್ಕೆ ಬಾಗಿರುತ್ತದೆ. ಬೆನ್ನಿನ ಮೇಲೆ ಸಾಲು ತೂತಿನ ಒಂದು ಕೊಂಡಿ, ದಾರ ಕಟ್ಟುವುದು ಅಲ್ಲಿಗೆ. ಗಾಳದ ಕೊಕ್ಕೆ ಎಲ್ಲೂ ಇರುವುದಿಲ್ಲ. ದಾರ ಮೇಲಕ್ಕೆ ಎಳೆದಾಗ ರೆಕ್ಕೆ ನೀರನ್ನು ತಳ್ಳಿ ಮೀನು ಮುಂದೆ ಹೋಗುತ್ತದೆ, ಬಾಗಿದ ಬಾಲ ಅದನ್ನು ವೃತ್ತಕ್ಕೆ ತಿರುಗಿಸುತ್ತದೆ. ಸಡಿಲ ಬಿಟ್ಟರೆ ತೇಲುತ್ತಾ ಜಾರುತ್ತಾ ಇಳಿಯುತ್ತದೆ. ಇಷ್ಟೇ ಇದರ ಯಂತ್ರ.

ಈ ಕೆತ್ತನೆಯನ್ನು ಈಗ ಜನಪದ ಕಲೆಯೆಂದೇ ಲೆಕ್ಕ ಹಾಕುತ್ತಾರೆ. ಮಿಷಿಗನ್ ರಾಜ್ಯದ ಕ್ಯಾಡಿಲಾಕ್ ಊರಿನ ಆಸ್ಕರ್ ಪೀಟರ್ಸನ್ (1887–1951) ಸಾವಿರಾರು ಡಿಕಾಯ್ ಕೆತ್ತಿದವರು. ಮೀನು ಹಿಡಿಯುವವರಿಗೆ ಅಗ್ಗಕ್ಕೆ ಮಾರಿದ ಆ ಬೊಂಬೆಗಳನ್ನು ಇವತ್ತು ಸಂಗ್ರಾಹಕರು ಭಾರೀ ಬೆಲೆ ಕೊಟ್ಟು ಕೊಳ್ಳುತ್ತಾರೆ. ನಮ್ಮ ಚನ್ನಪಟ್ಟಣ, ಕಿನ್ನಾಳದ ಬೊಂಬೆಗಳನ್ನು ನೋಡಿ ಬೆಳೆದವರಿಗೆ ಆ ಕೈಕೆಲಸದ ಬೆಲೆ ಬೇಗ ಅರ್ಥವಾಗುತ್ತದೆ.

ನೀವೇ ಮಾಡಿಕೊಳ್ಳುವುದಾದರೆ, ಮರ ಪೂರ್ತಿ ಒಣಗಿರಬೇಕು. ಹಸಿ ಇದ್ದರೆ ಬಿಸಿ ಸೀಸ ಸಿಡಿಯುತ್ತದೆ. ಮನೆಯೊಳಗೆ ಸೀಸ ಕರಗಿಸಬೇಡಿ, ಹೊರಗೆ ಗಾಳಿಗೆ ಬೆನ್ನು ಮಾಡಿ ನಿಂತು ಮಾಡಿ, ಮಕ್ಕಳನ್ನು ದೂರ ಇಡಿ. ಕೊಂಡದ್ದಾಗಲಿ, ಕೆತ್ತಿದ್ದಾಗಲಿ, ಕೆರೆಗೆ ಒಯ್ಯುವ ಮೊದಲು ಸ್ನಾನದ ತೊಟ್ಟಿಯಲ್ಲಿ ಪರೀಕ್ಷೆ ಮಾಡಿ. ಮೈ ಮಟ್ಟಸವಾಗಿ, ನಿಧಾನಕ್ಕೆ ಮುಳುಗಬೇಕು. ಮೂಗು ತೀರಾ ತಗ್ಗಿದರೆ ದಾರವನ್ನು ಒಂದು ತೂತು ಮುಂದಕ್ಕೆ, ಮೂಗು ಎದ್ದರೆ ಹಿಂದಕ್ಕೆ ಹಾಕಿ. ಒಂದು ಪಕ್ಕಕ್ಕೆ ವಾಲಿದರೆ ಎರಡು ಮುಂದಿನ ರೆಕ್ಕೆಗಳು ಸಮ ಇಲ್ಲ ಅಂತ ಅರ್ಥ. ಇಕ್ಕಳದಿಂದ ಕೂದಲೆಳೆಯಷ್ಟು ಬಗ್ಗಿಸಿ, ಮತ್ತೆ ನೋಡಿ. ನಾನು ಒಂದು ಡಿಕಾಯ್ ಸರಿ ಮಾಡಲು ಎರಡು ಸಂಜೆ ಕಳೆದದ್ದುಂಟು. ಆ ಸಂಜೆಗಳು ದಂಡವಾಗಲಿಲ್ಲ.

ಬಣ್ಣದ ಬಗ್ಗೆ ಇಲ್ಲಿ ಮನೆಗೊಂದು ಮಾತು ಇದೆ. ಎಲ್ಲ ಕಡೆ ನಡೆಯುವುದು ಕೆಂಪು ತಲೆ, ಬಿಳಿ ಮೈ. ತಿಳಿ ನೀರು, ಒಳ್ಳೆ ಬಿಸಿಲು ಇದ್ದರೆ ಪರ್ಚ್ ಮೀನಿನ ಹಸಿರು ಪಟ್ಟೆ. ಮೋಡ ಕವಿದ ದಿನ ಅಥವಾ ನೀರು ಸ್ವಲ್ಪ ಕದಡಿದ್ದರೆ ಹಳದಿ, ಕಿತ್ತಳೆ. ಮೊದಲು ಹಿಡಿದ ಮೀನಿನ ಹೊಟ್ಟೆ ಕೊಯ್ದಾಗ ಒಳಗೆ ಏನಿದೆ ನೋಡಿ. ಸಣ್ಣ ಪರ್ಚ್ ಸಿಕ್ಕರೆ ಮುಂದಿನ ಡಿಕಾಯ್ ಯಾವುದು ಅಂತ ಆ ಮೀನೇ ಹೇಳಿದ ಹಾಗೆ.

ಜೀವಂತ ಮೀನನ್ನೂ ಬಳಸುತ್ತಾರೆ. ಎಂಟು ಹತ್ತು ಇಂಚಿನ ಸಕರ್ ಮೀನಿಗೆ ಸಣ್ಣ ಪಟ್ಟಿ ತೊಡಿಸಿ ದಾರಕ್ಕೆ ಕಟ್ಟಿ ಬಿಡುತ್ತಾರೆ. ಸ್ಥಳೀಯ ಅಂಗಡಿಯಲ್ಲೇ ಕೊಳ್ಳಬೇಕು, ಉಳಿದರೆ ಕೆರೆಗೆ ಬಿಡಬಾರದು. ಇದರ ದೊಡ್ಡ ಉಪಯೋಗ ಏನೆಂದರೆ, ಪೈಕ್ ನಮ್ಮ ಕಣ್ಣಿಗೆ ಬೀಳುವ ಮೊದಲೇ ಸಕರ್‌ಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದದ್ದು ಒದ್ದಾಡಲು ಶುರು ಮಾಡುತ್ತದೆ, ದಾರ ನಡುಗುತ್ತದೆ. ಆಗ ಈಟಿಯ ಕಡೆ ಕೈ ಹೋಗಬೇಕು. ಆದರೂ ನನಗೆ ಮರದ ಮೀನೇ ಮೇಲು. ಕಟ್ಟಿ ಹಾಕಿದ ಮೀನು ಗಾಬರಿಯಿಂದ ಒದ್ದಾಡುವುದನ್ನು ಗಂಟೆಗಟ್ಟಲೆ ನೋಡುತ್ತಾ ಕೂರುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ದಾರ ಗಟ್ಟಿ ಹೆಣಿಗೆಯದು ಇರಲಿ. ಡಿಕಾಯ್‌ಗಿಂತ ಸ್ವಲ್ಪ ಮೇಲೆ ಒಂದು ಸ್ವಿವೆಲ್, ಅಂದರೆ ಸುತ್ತ ತಿರುಗುವ ಸಣ್ಣ ಕೊಂಡಿ, ಹಾಕಿ. ಅದು ಇಲ್ಲದಿದ್ದರೆ ಸುತ್ತಿ ಸುತ್ತಿ ದಾರ ಮುರಿ ಬೀಳುತ್ತದೆ, ಬೊಂಬೆ ತಾನಾಗೇ ಹಿಂದುಮುಂದಾಗಿ ತಿರುಗುತ್ತದೆ. ಪೈಕಿಗೆ ಅದು ಸರಿ ಕಾಣುವುದಿಲ್ಲ.

ಆಡಿಸುವ ವಿದ್ಯೆ

ಡಿಕಾಯ್ ಅನ್ನು ಅಡಿಗೆ ಇಳಿಸಬೇಡಿ. ಎಂಟು ಅಡಿ ನೀರಿದ್ದರೆ ಐಸಿನಿಂದ ಮೂರು ನಾಲ್ಕು ಅಡಿ ಕೆಳಗೆ ಸಾಕು. ಪೈಕಿನ ಕಣ್ಣು ತಲೆಯ ಮೇಲ್ಭಾಗದಲ್ಲಿದೆ, ಮುಂದಕ್ಕೂ ಮೇಲಕ್ಕೂ ಚೆನ್ನಾಗಿ ಕಾಣುತ್ತದೆ. ಬೊಂಬೆ ಎತ್ತರದಲ್ಲಿದ್ದರೆ ದೂರದಿಂದ ಕಾಣುತ್ತದೆ, ಮೀನೂ ಮೇಲೇರಿ ಬರುತ್ತದೆ. ನಮಗೆ ಬೇಕಾದ್ದೂ ಅದೇ.

ಮೊದಲ ಕಾಲು ಗಂಟೆ ಜೋರಾಗಿ ಆಡಿಸಿ. ದಾರವನ್ನು ಒಂದಡಿ ಎತ್ತಿ, ಇಳಿಸಿ, ಮತ್ತೆ ಎತ್ತಿ. ಮೂರು ನಾಲ್ಕು ದೊಡ್ಡ ಸುತ್ತು, ಆಮೇಲೆ ಅರ್ಧ ನಿಮಿಷ ಬಿಡುವು. ಪೈಕಿನ ಮೈ ಪಕ್ಕದ ನರದ ಗೆರೆಗೆ ನೀರಿನ ಅಲುಗಾಟ ಗೊತ್ತಾಗುತ್ತದೆ. ಕಣ್ಣಿಗೆ ಕಾಣದಷ್ಟು ದೂರ ಇದ್ದರೂ ಏನೋ ಇದೆ ಅಂತ ತಿಳಿದು ಬರುತ್ತದೆ. ಆ ಮೇಲೆ ಲಯ ಇಳಿಸಿ. ಒಂದೆರಡು ನಿಮಿಷಕ್ಕೊಮ್ಮೆ ಎರಡು ಸುತ್ತು, ನಡುವೆ ಬೆರಳ ತುದಿಯಿಂದ ಸಣ್ಣ ನಡುಕ. ನಮ್ಮೂರಲ್ಲಿ ತೊಟ್ಟಿಲು ತೂಗುವವರನ್ನು ನೋಡಿ, ಮಗು ಮಲಗಿದ ಮೇಲೂ ದಾರದ ಮೇಲೆ ಬೆರಳು ಇಟ್ಟೇ ಇರುತ್ತಾರೆ. ಹಾಗೆ.

ಈಗ ಮೊದಲು ಹೇಳಿದ ಆ ಮೂತಿಗೆ ಬರೋಣ.

ಮೂತಿ ಕಂಡಾಗ ಹೊಸಬರೆಲ್ಲ ಮಾಡುವ ತಪ್ಪು ಎಂದರೆ ಕೈ ಗಕ್ಕನೆ ನಿಲ್ಲಿಸುವುದು, ಇಲ್ಲವೇ ಈಟಿಗೆ ಬಾಗುವುದು. ಎರಡೂ ಬೇಡ. ಬೊಂಬೆ ಏನು ಮಾಡುತ್ತಿತ್ತೋ ಅದನ್ನೇ ಮುಂದುವರಿಸಿ, ವೇಗ ಮಾತ್ರ ಇಳಿಸಿ. ಉಸಿರು ನಿಧಾನ. ಪೈಕಿನ ರೆಕ್ಕೆಗಳನ್ನು ನೋಡಿ. ಕಿವಿರಿನ ಹಿಂದಿನ ರೆಕ್ಕೆ ಸಣ್ಣಗೆ ಬೀಸುತ್ತಿದ್ದರೆ ಅದು ಯೋಚಿಸುತ್ತಿದೆ. ಮೈ ಬಿಲ್ಲಿನಂತೆ ಬಾಗಿದರೆ ನುಗ್ಗಲು ತಯಾರಾಗಿದೆ. ಹಿಂದಕ್ಕೆ ಜಾರುತ್ತಿದ್ದರೆ ಅನುಮಾನ ಬಂದಿದೆ.

ಯೋಚಿಸುತ್ತಿರುವ ಮೀನಿಗೆ ಬೊಂಬೆಯ ಬಾಲ ತೋರಿಸಿ. ಬೊಂಬೆ ಅದರಿಂದ ದೂರ ಹೋಗುವ ಹಾಗೆ, ಅರ್ಧ ಸುತ್ತು ಮಾತ್ರ, ಹೆದರಿದ ಮರಿಮೀನು ಸದ್ದಿಲ್ಲದೆ ಜಾಗ ಖಾಲಿ ಮಾಡುವ ಹಾಗೆ. ಎದುರಿಗೆ ಬರುವ ಆಹಾರವನ್ನು ಪೈಕ್ ನಂಬುವುದಿಲ್ಲ. ಓಡುವುದನ್ನು ಹಿಂಬಾಲಿಸುತ್ತದೆ. ಇದೊಂದು ಕಲಿತರೆ ಅರ್ಧ ಮೀನು ಹಿಡಿದ ಹಾಗೆ ಅಂತ ನನ್ನ ಅನುಭವ.

ಹಿಂದೆ ಜಾರುತ್ತಿರುವ ಮೀನಿಗೆ ಬೇರೆ ಮದ್ದು. ಬೊಂಬೆಯನ್ನು ಅಡಿಯವರೆಗೆ ಬಿಡಿ, ಮೂಗು ಮರಳಿಗೆ ತಾಗಿ ಒಂದು ಸಣ್ಣ ಕೆಸರು ಮೋಡ ಏಳಲಿ. ಮತ್ತೆ ಮೆಲ್ಲಗೆ ಎತ್ತಿ. ಮಣ್ಣಿನಲ್ಲಿ ಏನೋ ಕೆದಕುವ ಮೀನು ಮೈಮರೆತಿರುತ್ತದೆ ಎಂದು ಪೈಕಿಗೆ ಗೊತ್ತು. ಎಷ್ಟೋ ಸಲ ಹೊರಟೇಹೋಗಿದ್ದ ಮೀನು ಇದಕ್ಕೆ ವಾಪಸ್ ಬಂದಿದೆ. ಪೂರ್ತಿ ಕಾಣೆಯಾದರೂ ಎದ್ದು ಹೋಗಬೇಡಿ, ಹತ್ತು ನಿಮಿಷ ಆಡಿಸುತ್ತಲೇ ಇರಿ.

ಸೀದಾ ನುಗ್ಗಿ ಬೊಂಬೆ ಕಚ್ಚುವ ಮೀನೂ ಇದೆ. ದಾರ ಕೈಯಿಂದ ಕಿತ್ತುಕೊಂಡು ಹೋಗುವಷ್ಟು ರಭಸ ಇರುತ್ತದೆ. ಎಳೆದಾಡಬೇಡಿ. ಮರ ಎಂದು ತಿಳಿದ ಮೇಲೆ ಅದೇ ಉಗುಳುತ್ತದೆ, ಹೆಚ್ಚಿನ ಸಲ ಹತ್ತಿರದಲ್ಲೇ ನಿಂತು ಇನ್ನೊಮ್ಮೆ ನೋಡುತ್ತದೆ.

ಮೀನು ಕಿಂಡಿಯ ಒಳಗೆ ಪೂರ್ತಿ ಬಂದ ಮೇಲೆ ಬೊಂಬೆಯನ್ನು ಇಂಚಿಂಚೇ ಮೇಲೆ ತನ್ನಿ. ಪೈಕೂ ಏರುತ್ತದೆ. ನೀರಿನಲ್ಲಿ ಅಳೆಯುವ ಹೊತ್ತು ಇದೇ. ಮೇಲಿನಿಂದ ನೋಡಿದಾಗ ನೀರಿನ ವಸ್ತು ಇರುವುದಕ್ಕಿಂತ ಹತ್ತಿರವಾಗಿ, ದೊಡ್ಡದಾಗಿ ಕಾಣುತ್ತದೆ. ಎಂಟು ಅಡಿ ಆಳ ಆರು ಅಡಿಯ ಹಾಗೆ ತೋರುತ್ತದೆ. ಕಣ್ಣಂದಾಜು ನಂಬಿದರೆ ಮೋಸ. ಆದರೆ ಬೊಂಬೆ ಮತ್ತು ಮೀನು ಒಂದೇ ಆಳದಲ್ಲಿದ್ದರೆ ಎರಡೂ ಅಷ್ಟೇ ಹಿಗ್ಗಿ ಕಾಣುತ್ತವೆ. ನನ್ನ ಡಿಕಾಯ್ ಸರಿಯಾಗಿ 8 ಇಂಚಿನದು. ಅದನ್ನು ಪೈಕಿನ ಬೆನ್ನಿನ ಪಕ್ಕಕ್ಕೆ ತಂದು, ಎಷ್ಟು ಬೊಂಬೆ ಉದ್ದ ಎಂದು ಮನಸ್ಸಿನಲ್ಲೇ ಎಣಿಸುತ್ತೇನೆ. ಎರಡೂವರೆ ಬೊಂಬೆ ಅಂದರೆ 20 ಇಂಚು, ಹೊಡೆಯಬಹುದು. ಮೂರು ಅಂದರೆ 24, ನಮ್ಮ ವಲಯದಲ್ಲಿ ನಾನು ಬಿಡುತ್ತೇನೆ. ನಾಲ್ಕು ದಾಟಿದರೆ ಅದು ಹೆಚ್ಚಾಗಿ ಹೆಣ್ಣು. ಐಸ್ ಕರಗಿದ ಕೂಡಲೇ ಮೊಟ್ಟೆ ಇಡುವುದು ಅದೇ, ಅದಕ್ಕೆ ಅದನ್ನೂ ಬಿಡುತ್ತೇನೆ.

ಮಲೆನಾಡಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೊದಲ ಮಳೆಗೆ ಹಳ್ಳ ಏರುವ ಹತ್ತುಮೀನನ್ನು ರಾತ್ರಿ ಟಾರ್ಚ್ ಹಿಡಿದು ಕತ್ತಿಯಿಂದ ಕಡಿಯುವುದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಬುಟ್ಟಿ ತುಂಬ ಮೊಟ್ಟೆ ತುಂಬಿದ ಮೀನು. ಆಗ ಖುಷಿಯಾಗಿತ್ತು. ಈಗ ಅದೇ ಹಳ್ಳದಲ್ಲಿ ಮೀನು ತೀರಾ ಕಡಿಮೆ. ದೊಡ್ಡ ಪೈಕ್ ಕಿಂಡಿಗೆ ಬಂದಾಗ ನನಗೆ ಆ ಬುಟ್ಟಿ ನೆನಪಾಗುತ್ತದೆ. ಇನ್ನೊಂದು ಕಾರಣವೂ ಇದೆ. ದೊಡ್ಡ ಪೈಕಿನ ಮೈಯಲ್ಲಿ ಪಾದರಸ ಜಾಸ್ತಿ ಸೇರಿರುತ್ತದೆ. ಬಸುರಿಯರು, ಮಕ್ಕಳು ತಿನ್ನುವ ಮನೆಗೆ ಸಣ್ಣ ಮೀನೇ ಒಳ್ಳೆಯದು.

ಜಾತಿ ನೋಡುವುದಂತೂ ತಪ್ಪಲೇಬಾರದು. ಪೈಕಿನ ಅಣ್ಣನಂತಿರುವ ಮಸ್ಕಿ ಮೀನು ಇದೇ ಕೆರೆಗಳಲ್ಲಿದೆ, ಅದನ್ನು ಈಟಿಯಿಂದ ಹೊಡೆಯುವಂತಿಲ್ಲ. ಪೈಕಿನ ಕಪ್ಪು ಹಸಿರು ಮೈ ಮೇಲೆ ತಿಳಿ ಬಣ್ಣದ ಚುಕ್ಕಿ. ಮಸ್ಕಿಗೆ ತಿಳಿ ಮೈ, ಅದರ ಮೇಲೆ ಕಪ್ಪು ಗೆರೆ ಅಥವಾ ಮಚ್ಚೆ, ಕೆಲವದರಲ್ಲಿ ಏನೂ ಇರುವುದಿಲ್ಲ. ಪೈಕಿನ ಬಾಲದ ತುದಿ ಗುಂಡಗೆ, ಮಸ್ಕಿಯದು ಚೂಪು. ನನ್ನ ಎರಡನೇ ಚಳಿಗಾಲ. ಉದ್ದದ ಮೀನೊಂದು ಬೊಂಬೆಯ ಕೆಳಗೆ ಬಂದು ನಿಂತಿತು. ಈಟಿ ಎತ್ತಿಯೇ ಬಿಟ್ಟಿದ್ದೆ. ಪಕ್ಕದಲ್ಲಿದ್ದ ಅಜ್ಜ ಕತ್ತಲಲ್ಲೇ ನನ್ನ ಮಣಿಕಟ್ಟು ಹಿಡಿದರು.

“ಬಾಲ ನೋಡು,” ಅಂದರು.

ನಾನು ಬೊಂಬೆಯನ್ನು ಅರ್ಧ ಸುತ್ತು ತಿರುಗಿಸಿದೆ. ಮೀನೂ ತಿರುಗಿತು. ಬಾಲ ಬೆಳಕಿಗೆ ಬಂತು. ಕತ್ತರಿ ಬಿಚ್ಚಿದ ಹಾಗೆ ಎರಡು ಚೂಪು ತುದಿ. ಮಸ್ಕಿ. ಅದು ಇನ್ನೂ ಎರಡು ನಿಮಿಷ ಅಲ್ಲೇ ಇತ್ತು. ನಾವಿಬ್ಬರೂ ಅದನ್ನು ನೋಡುತ್ತಾ ಕೂತೆವು. ಅಂದಿನಿಂದ ನಾನು ಪ್ರತಿ ಮೀನನ್ನೂ ಒಮ್ಮೆ ಪೂರ್ತಿ ತಿರುಗಿಸಿ ನೋಡದೆ ಈಟಿ ಮುಟ್ಟುವುದಿಲ್ಲ.

ಈಟಿ

ಏಳು ಹಲ್ಲಿನ, ಒಳಮುಳ್ಳಿರುವ, ಭಾರದ ಈಟಿ ತಗೊಳ್ಳಿ. ಹಿಡಿಯ ತುದಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಗುಡಿಸಲಿಗೆ ಕಟ್ಟಿರಲಿ. ಕೈಗೆ ಸುತ್ತಿಕೊಳ್ಳಬೇಡಿ. ಕೂತ ತಕ್ಷಣವೇ ಹಲ್ಲುಗಳನ್ನು ನೀರಿನೊಳಗೆ ಇಳಿಸಿ ಅಂಚಿಗೆ ಒರಗಿಸಿಟ್ಟರೆ, ಆಮೇಲೆ ಸದ್ದಾಗುವುದಿಲ್ಲ.

ಮೀನು ನೇರ ಕೆಳಗೆ, ಬೆನ್ನು ಮೇಲಾಗಿ, ನಿಂತ ಹೊತ್ತಿಗೆ ಕಾಯಿರಿ. ಓರೆಯಾಗಿದ್ದರೆ ನೀರು ಬೆಳಕನ್ನು ಬಗ್ಗಿಸುತ್ತದೆ, ಕಂಡ ಕಡೆ ಮೀನು ಇರುವುದಿಲ್ಲ. ನೇರ ಕೆಳಗಿದ್ದರೆ ಆ ತೊಂದರೆ ಇಲ್ಲ. ಬೊಂಬೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ. ಗುರಿ ತಲೆಯ ಹಿಂದೆ, ಕತ್ತಿನ ಮೇಲೆ. ಅಲ್ಲಿ ತಗುಲಿದರೆ ಮೀನು ಒದ್ದಾಡದೆ ಸಾಯುತ್ತದೆ, ಮಾಂಸವೂ ಹಾಳಾಗುವುದಿಲ್ಲ. ಎಸೆಯಬೇಡಿ. ಕೆಳಗೆ ಸ್ವಲ್ಪ ನೂಕಿ ಕೈ ಬಿಡಿ, ಉಳಿದದ್ದನ್ನು ಭಾರವೇ ಮಾಡುತ್ತದೆ. ಕೂಡಲೇ ಎಳೆಯದೆ ನಾಲ್ಕೈದು ಸೆಕೆಂಡ್ ಹಾಗೇ ಬಿಟ್ಟು, ಆಮೇಲೆ ಒಂದೇ ಸಮನೆ ಹಗ್ಗ ಎಳೆಯಿರಿ. ಮೀನನ್ನು ಹೊರಗೆ ಹಿಮದ ಮೇಲೆ ಬಿಡಿಸಿ, ಗ್ಲೌಸ್ ಹಾಕಿಕೊಂಡೇ. ಹಲ್ಲು ಬ್ಲೇಡಿನಷ್ಟು ಹರಿತ.

ಗುರಿ ಅನುಮಾನ ಇದ್ದರೆ ಬಿಟ್ಟುಬಿಡಿ. ಗಾಯಗೊಂಡು ತಪ್ಪಿಸಿಕೊಂಡ ಮೀನು ಐಸಿನ ಅಡಿ ಎಲ್ಲೋ ಸಾಯುತ್ತದೆ, ಯಾರಿಗೂ ದಕ್ಕುವುದಿಲ್ಲ.

ಮನೆಗೆ ಮರಳುವಾಗ

ಪೈಕಿನ ಮಾಂಸ ಬಿಳಿ, ಗಟ್ಟಿ, ರುಚಿ. ತೊಂದರೆ ಒಂದೇ, ಬೆನ್ನಿನ ಉದ್ದಕ್ಕೂ ಕವಲೊಡೆದ ಸಣ್ಣ ಮುಳ್ಳಿನ ಸಾಲು ಇದೆ. ಅದನ್ನು ಪಟ್ಟಿಯಂತೆ ಕೊಯ್ದು ತೆಗೆಯಬಹುದು. ನಮ್ಮ ಮನೆಯಲ್ಲಿ ಸಣ್ಣ ಮೀನಾದರೆ ಕೂದಲಗಲಕ್ಕೆ ಒತ್ತೊತ್ತಾಗಿ ಗೀರು ಹಾಕಿ, ಕೆಂಪು ಮೆಣಸು, ಹುಣಸೆ, ಅರಿಶಿನದ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಗರಿಗರಿಯಾಗಿ ಕರಿಯುತ್ತೇವೆ. ಸಣ್ಣ ಮುಳ್ಳು ತುಂಡಾಗಿ ಗರಿಯಾಗುತ್ತದೆ. ಆದರೂ ಮಕ್ಕಳಿಗೆ ಬಿಡಿಸಿಯೇ ಕೊಡಿ.

ಕೆರೆ ಬಿಡುವ ಮೊದಲು ಕಿಂಡಿಗೆ ಗುರುತು ಹಾಕುವುದು ಮರೆಯಬೇಡಿ. ರಾತ್ರಿ ಮೇಲೆ ತೆಳು ಪದರ ಕಟ್ಟಿ, ಅದರ ಮೇಲೆ ಹಿಮ ಬಿದ್ದರೆ, ಆರು ಚದರ ಅಡಿಯ ಬಾವಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮಗು ನಡೆದು ಬರಬಹುದು, ಸ್ನೋಮೊಬೈಲ್ ಬರಬಹುದು. ಕೊಯ್ದ ಐಸ್ ತುಂಡುಗಳನ್ನು ಸುತ್ತ ನಿಲ್ಲಿಸಿ, ನಡುವೆ ಎತ್ತರದ ಎರಡು ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿ.

ಡಿಕಾಯ್ ಅನ್ನು ಒದ್ದೆಯಾಗಿ ಡಬ್ಬಿಗೆ ಹಾಕಬೇಡಿ. ಮನೆಗೆ ಬಂದು ಒರೆಸಿ, ಒಂದು ದಿನ ಗಾಳಿಗೆ ನೇತು ಹಾಕಿ. ಪೈಕ್ ಕಚ್ಚಿದ ಕಡೆ ಬಣ್ಣ ಎದ್ದಿರುತ್ತದೆ, ನೀರು ಒಳಗೆ ಹೋಗುವುದು ಅಲ್ಲಿಂದಲೇ. ಪೂರ್ತಿ ಒಣಗಿದ ಮೇಲೆ ಆ ಹಲ್ಲಿನ ಗುರುತುಗಳ ಮೇಲೆ ಎರಡು ಕೈ ವಾರ್ನಿಷ್ ಬಳಿಯಿರಿ. ಮುಂದಿನ ಶನಿವಾರಕ್ಕೆ ಅದು ಮತ್ತೆ ಸರಿಯಾಗಿ ಸುತ್ತುತ್ತದೆ.